ಕೊರಳಿನ ಟೈ, ಕೊರಳಿನ ದನಿ

ಮಾನ್ಯರೇ,

ಕೆನಡಾದ ಗಾಯಕಿ ಅವ್ರಿಲ್ ಲವೀನ್‌ಳ ಚೊಚ್ಚಲ ಆಲ್ಬಮ್ ‘ಲೆಟ್ ಗೋ’ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಮರುವಿಮರ್ಶೆಯನ್ನು ಆಕ್ಷೇಪಿಸಿ ತಾವು ಬರೆದ ಪತ್ರ ತಲುಪಿದೆ. ತಮ್ಮ ವಾದದ ಸಾರ ಇಷ್ಟು: 2002ರಲ್ಲಿ ಈ ಆಲ್ಬಮನ್ನು ಕೊಂಡವರು ಕೊಂಡದ್ದು ಹಾಡನ್ನಲ್ಲ, ಬನಿಯನ್ನಿನ ಮೇಲೆ ಟೈ ಕಟ್ಟಿ ಕಣ್ಣಿಗೆ ಕಪ್ಪು ತೀಡಿಕೊಂಡ 17ರ ಹುಡುಗಿಯ ‘ಬಂಡಾಯ’ದ ಚಿತ್ರವನ್ನು, ಹಾಡುಗಳ ಹಿಂದೆ ಇದ್ದವರು ನುರಿತ ವೃತ್ತಿಪರರು, ಮೂರೇ ವರ್ಷಗಳ ಹಿಂದೆ, 1999ರಲ್ಲಿ, ರೇಡಿಯೊ ಸ್ಪರ್ಧೆಯೊಂದರಲ್ಲಿ ಗೆದ್ದು ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಖ್ಯಾತ ಗಾಯಕಿ ಶನಾಯಾ ಟ್ವೇನ್ ಜೊತೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸೊಗಡಿನ) ಹಾಡು ಹಾಡಿದ್ದವಳು ಇದ್ದಕ್ಕಿದ್ದಂತೆ ಪಂಕ್ (ವ್ಯವಸ್ಥೆಯನ್ನು ಧಿಕ್ಕರಿಸುವ ಒರಟು ರಾಕ್ ಸಂಗೀತದವಳು) ಆಗುವುದು ವೇಷವಲ್ಲದೆ ಮತ್ತೇನೂ ಅಲ್ಲ, ಆದ್ದರಿಂದ ಇಂಥದ್ದನ್ನು ವಿಮರ್ಶೆಗೆ ಎತ್ತಿಕೊಳ್ಳುವುದೇ ತಪ್ಪು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ತಾನೇ ಬರೆದು ಹಾಡಿದ ಹಾಡುಗಳು’ ಎಂದು ನಮ್ಮ ಲೇಖಕರು ಸಲೀಸಾಗಿ ಬರೆದದ್ದನ್ನು ನಾನು ತಿದ್ದಬೇಕಿತ್ತು. ಆಲ್ಬಮಿನ 13 ಹಾಡುಗಳಲ್ಲಿ ಐದು, ಮೊದಲ ಮೂರು ಸಿಂಗಲ್‌ಗಳೂ (ಬಿಡಿಯಾಗಿ ಹೊರಬಂದ ‘ಕಾಂಪ್ಲಿಕೇಟೆಡ್’, ‘ಸ್ಕೇಟರ್ ಬಾಯ್’, ‘ಐ ಆಮ್ ವಿತ್ ಯೂ’) ಸೇರಿದಂತೆ, ಹಾಡು ಬರೆದು ನಿರ್ಮಿಸುವ ‘ದಿ ಮೇಟ್ರಿಕ್ಸ್’ ಎಂಬ ಮೂವರ ತಂಡದ ಜೊತೆಗೆ ಆದವು; ಗಿಟಾರಿನ ಅಬ್ಬರ ಹೆಚ್ಚಿರುವ ಹಲವು ಹಾಡುಗಳು ನಿರ್ಮಾಪಕ ಕ್ಲಿಫ್ ಮ್ಯಾಗ್ನೆಸ್ ಜೊತೆಗೆ ಆದವು. ಯಾರು ಎಷ್ಟು ಬರೆದರು ಎಂಬ ಬಗ್ಗೆ ಆ ತಂಡದ ಮಾತಿಗೂ ಗಾಯಕಿಯ ಮಾತಿಗೂ ಬಹಿರಂಗವಾಗಿಯೇ ತಾಳೆಯಾಗಲಿಲ್ಲ. ಕೋಣೆಯೊಳಗೆ ಇಲ್ಲದ ನಾವು ಅದನ್ನು ತೀರ್ಮಾನಿಸಲು ಹೊರಡಬಾರದಿತ್ತು.

ಆದರೆ ಇಷ್ಟರಿಂದಲೇ ಹಾಡು ಕೆಟ್ಟದ್ದೆಂದು ಸಿದ್ಧವಾಗುವುದಿಲ್ಲ. ಪಂಕ್ ಎಂದೊಡನೆ ನೆನಪಾಗುವ ಸೆಕ್ಸ್ ಪಿಸ್ತೂಲ್ಸ್ ತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವನು. ಆ ತಂಡದ ಅಂಗಿಯ ಹರಕಿನಲ್ಲಿಯೂ ವ್ಯಾಪಾರವಿತ್ತು. ಗಾಯಕಿ ಅಲನಿಸ್ ಮೊರಿಸೆಟ್ ಕೆನಡಾದಲ್ಲಿ ಎರಡು ಡಾನ್ಸ್ ಪಾಪ್ ಆಲ್ಬಮ್ ತಂದ ಮೇಲೆಯೇ ಗ್ಲೆನ್ ಬ್ಯಾಲರ್ಡ್ ಎಂಬ ನುರಿತ ನಿರ್ಮಾಪಕನೊಡನೆ ಕೂತು ತನ್ನ ಸಿಟ್ಟಿನ ಹಾಡುಗಳನ್ನು ಕಟ್ಟಿ 1995ರಲ್ಲಿ ಹೊರತಂದಳು. ಹದಿನಾಲ್ಕರಲ್ಲಿ ಒಂದು ಬಗೆಯ ಹಾಡು ಹಾಡಿ ಹದಿನೇಳರಲ್ಲಿ ಇನ್ನೊಂದು ಬಗೆಯದನ್ನು ಹಾಡುವುದು ಅಪ್ರಾಮಾಣಿಕತೆಯ ಕುರುಹಾದರೆ, ಆ ವಯಸ್ಸನ್ನು ದಾಟಿ ಬಂದ ನಾವೆಲ್ಲರೂ ಅಪ್ರಾಮಾಣಿಕರೇ. (ನನ್ನ ಹದಿನೇಳರ ಫೋಟೊವನ್ನು ನಾನು ಯಾರಿಗೂ ತೋರಿಸುವುದಿಲ್ಲ.)

ಹಾಗಾದರೆ ಅಳೆಯುವುದು ಯಾವುದರಿಂದ? ಜಾಹೀರಾತು ಕೊಟ್ಟ ಮಾತಿನಿಂದಲ್ಲ, ಹಾಡು ತಾನೇ ಕೊಟ್ಟ ಮಾತಿನಿಂದ ಎಂದು ನನಗೆ ಅನ್ನಿಸುತ್ತದೆ. ‘ಕಾಂಪ್ಲಿಕೇಟೆಡ್’ ಹಾಡನ್ನೇ ನೋಡಿ. ನಾಲ್ಕು ಜನರ ಮುಂದೆ ಬೇರೆಯೇ ಆಗಿಬಿಡುವ ಗೆಳೆಯನನ್ನು ‘ಸೋಗು ಬಿಡು’ ಎಂದು ಗದರಿಸುವ ಹಾಡು ಅದು. ಸೋಗನ್ನು ಬಯ್ಯುವ ಹಾಡಿಗೇ ಇಷ್ಟು ಸಿಂಗಾರ ಮಾಡಿ ಮಾರಿದ್ದಾರೆಂದು ತಾವು ನಕ್ಕಿದ್ದೀರಿ; ನಗು ನ್ಯಾಯವಾದದ್ದೇ. ಆದರೂ ಚರಣದಲ್ಲಿ ಮಾತಿನ ಮಗ್ಗುಲಲ್ಲೇ ನಡೆಯುವ ರಾಗ ಪಲ್ಲವಿಗೆ ಬಂದೊಡನೆ ಮೇಲಕ್ಕೆ ಚಿಮ್ಮುವಾಗ, ಬಯ್ಗುಳದೊಳಗೆ ಅವಿತಿದ್ದ ಅಕ್ಕರೆ ಹೊರಬೀಳುತ್ತದೆ. ಆ ಚಿಮ್ಮುವಿಕೆಯನ್ನು ಯಾರು ಕಟ್ಟಿದ್ದರೂ, ಅದನ್ನು ನಂಬುವಂತೆ ಹಾಡಿದ್ದು ಆಕೆಯ ಕೊರಳು.

ಇನ್ನು ‘ಐ ಆಮ್ ವಿತ್ ಯೂ’. ಚಳಿಯ ರಾತ್ರಿ ಸೇತುವೆಯ ಮೇಲೆ ಬಾರದವರಿಗಾಗಿ ಕಾದು ನಿಂತವಳು, ಯಾರಾದರೂ ಸರಿ, ಕೈ ಹಿಡಿದು ಮನೆಗೆ ಕರೆದೊಯ್ಯಲಿ ಎಂದು ಬೇಡುವ ಹಾಡು. ತೂಗುವ ವಿಳಂಬ ಲಯದಲ್ಲಿ ತಗ್ಗಿನ ಸ್ವರದಿಂದ ಹೊರಟ ದನಿ ಪಲ್ಲವಿಯಲ್ಲಿ ಬಿರಿಯುವಷ್ಟು ಏರುತ್ತದೆ. ಬಂಡಾಯದ ಹೆಸರಿನಲ್ಲಿ ಮಾರಾಟವಾದ ಆಲ್ಬಮಿನ ಅತ್ಯುತ್ತಮ ಹಾಡು ಇದೇ, ಮತ್ತು ಇದರಲ್ಲಿ ಬಂಡಾಯದ ಲವಲೇಶವೂ ಇಲ್ಲ. ಟೈ ನೋಡಿ ಕಿವಿ ಮುಚ್ಚಿಕೊಂಡವರು ಕಳೆದುಕೊಂಡದ್ದು ಈ ಹಾಡನ್ನು.

ತಮ್ಮ ಸಿಟ್ಟಿಗೆ ನಿಜವಾಗಿ ಪಾತ್ರವಾಗಬೇಕಾದದ್ದು ‘ಸ್ಕೇಟರ್ ಬಾಯ್’ ಎಂದು ನನ್ನ ಅಭಿಪ್ರಾಯ; ನಮ್ಮ ವಿಮರ್ಶೆಯಾಗಲಿ ತಮ್ಮ ಪತ್ರವಾಗಲಿ ಅದನ್ನು ಸರಿಯಾದ ಕಡೆ ಹಿಡಿಯಲಿಲ್ಲ. ಬ್ಯಾಲೆ ಕಲಿಯುವ ಹುಡುಗಿಯೊಬ್ಬಳು ಗೆಳತಿಯರ ಮೂದಲಿಕೆಗೆ ಅಂಜಿ ಸ್ಕೇಟರ್ (ಚಕ್ರದ ಹಲಗೆಯ ಮೇಲೆ ಜಾರಾಡುವ) ಹುಡುಗನನ್ನು ನಿರಾಕರಿಸುತ್ತಾಳೆ. ಐದು ವರ್ಷಗಳ ಮೇಲೆ ಆಕೆ ಮನೆಯಲ್ಲಿ ಒಬ್ಬಳೇ ಕೂತು ಮಗುವಿಗೆ ಉಣಿಸುತ್ತಿರುವಾಗ ಅವನು ಎಂಟಿವಿಯಲ್ಲಿ ಮಿಂಚುತ್ತಾನೆ. ಅವನೀಗ ನನ್ನವನು ಎಂದು ಹಾಡುವವಳು ಬೀಗುತ್ತಾಳೆ. ಹುಡುಗನ ಯೋಗ್ಯತೆಗೆ ಇಲ್ಲಿ ಸಾಕ್ಷಿ ನುಡಿಯುವುದು ಟಿವಿ! ಅವನು ಹೆಸರು ಮಾಡದೆ ಇನ್ನೂ ಬೀದಿಯಲ್ಲೇ ಸ್ಕೇಟ್ ಮಾಡಿಕೊಂಡಿದ್ದರೆ ಗೆಳತಿಯರ ಮೂದಲಿಕೆಯೇ ಸರಿಯಾಗುತ್ತಿತ್ತೆಂದು ಹಾಡು ತನಗರಿವಿಲ್ಲದೆ ಒಪ್ಪಿಕೊಂಡುಬಿಡುತ್ತದೆ. ಮಗುವನ್ನು ಎತ್ತಿಕೊಂಡವಳನ್ನು ಸೋತವಳೆಂದು ತೋರಿಸುವ ಈ ಕಥೆ, ಯಾವ ಅಂತಸ್ತಿನ ಲೆಕ್ಕಾಚಾರವನ್ನು ಧಿಕ್ಕರಿಸುತ್ತೇನೆಂದು ಹೊರಟಿತೋ ಅದೇ ಲೆಕ್ಕಾಚಾರದಿಂದ ಗೆಲ್ಲುತ್ತದೆ. ಓಟ ಚುರುಕಾಗಿದೆ, ಕಾಲು ತಾನಾಗಿ ಕುಣಿಯುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಹಾಡನ್ನು ವೇಷವೇ ಬರೆದಂತಿದೆ ಎಂದು ಯಾರಾದರೂ ಅಂದರೆ ಅದು ಈ ಒಂದಕ್ಕೆ ಸಲ್ಲುತ್ತದೆ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ತನಗೆ ಹೆಚ್ಚು ಹತ್ತಿರವಾದವು ಗಿಟಾರ್ ಗಟ್ಟಿಯಾಗಿರುವ ಹಾಡುಗಳೆಂದು ಗಾಯಕಿ ಸಂದರ್ಶನಗಳಲ್ಲಿ ಹೇಳಿದ್ದುಂಟು. ಅಂಥವುಗಳಲ್ಲೊಂದಾದ ‘ಲೂಸಿಂಗ್ ಗ್ರಿಪ್’ ಆಲ್ಬಮಿನ ಮೊದಲ ಹಾಡು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಮೂರು ಸಿಂಗಲ್‌ಗಳು ಕ್ರಮವಾಗಿ 2, 10 ಮತ್ತು 4ನೇ ಸ್ಥಾನದವರೆಗೆ ಏರಿದರೆ, 2003ರಲ್ಲಿ ನಾಲ್ಕನೆಯದಾಗಿ ಬಂದ ಇದು 64ಕ್ಕೇ ನಿಂತಿತು. ಬಂಡಾಯದ ಚಿತ್ರವನ್ನು ಮೆಚ್ಚಿದ ಕೊಳ್ಳುಗರು, ಆ ಚಿತ್ರಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ಸದ್ದನ್ನು ಅಷ್ಟಾಗಿ ಬಯಸಲಿಲ್ಲ. ಚಿತ್ರವೊಂದೇ ಆಲ್ಬಮನ್ನು ಮಾರಿತೆಂಬ ತಮ್ಮ ಮಾತಿಗೆ ಇದನ್ನು ಹೊಂದಿಸುವುದು ಕಷ್ಟ.

ಇಂಥ ಆಲ್ಬಮ್‌ಗಳ ವಿಮರ್ಶೆಯನ್ನೇ ನಿಲ್ಲಿಸಬೇಕೆಂಬ ತಮ್ಮ ಕೋರಿಕೆಯನ್ನು, ಆದ್ದರಿಂದ, ಒಪ್ಪಲಾರೆ. ಆದರೆ ಮುಂದಿನ ಸಂಚಿಕೆಯಿಂದ ಪ್ರತಿ ವಿಮರ್ಶೆಯ ಕೆಳಗೆ ಹಾಡುಗಳ ರಚನಕಾರರ ಮತ್ತು ನಿರ್ಮಾಪಕರ ಹೆಸರುಗಳನ್ನು ಪೂರ್ತಿಯಾಗಿ ಅಚ್ಚು ಮಾಡುತ್ತೇವೆ.

— ಸಂಪಾದಕ