ಗೋಡೆ ಒಡೆಸಬೇಕೇ, ಕೊಯ್ಯಿಸಬೇಕೇ?

ಪ್ರಶ್ನೆ: ಅಡುಗೆಮನೆ, ಹಾಲ್ ನಡುವಿನ ಕಾಂಕ್ರೀಟ್ ಗೋಡೆಯಲ್ಲಿ ಬಾಗಿಲು ಬೇಕು. ಸುತ್ತಿಗೆಯಿಂದ ಒಡೆದರೆ ಸಾಕು ಅಂತಾರೆ ಮೇಸ್ತ್ರಿ. ಮಶೀನ್ ಕಟಿಂಗ್ ಬೇಕಾ ಸರ್?

ಉತ್ತರ: ನಾನಾದರೆ ಕಟಿಂಗ್ ಮಾಡಿಸುತ್ತೇನೆ. ಸುತ್ತಿಗೆಯ ಏಟು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಅಲ್ವಾ? ಪಕ್ಕದ ಗೋಡೆಯೂ ಅದುರುತ್ತದೆ, ಗಾರೆ ಬಿರುಕು ಬಿಡುತ್ತದೆ. ಡೈಮಂಡ್ ಬ್ಲೇಡ್ ನೇರವಾಗಿ ಕೊಯ್ಯುತ್ತದೆ, ಒಳಗಿನ ಕಂಬಿಯನ್ನೂ ಬಿಡುವುದಿಲ್ಲ. ಅಪಾಯ ಇರುವುದೂ ಅಲ್ಲೇ. ಕಾಂಕ್ರೀಟ್ ಗೋಡೆ ಹೆಚ್ಚಾಗಿ ಮೇಲಿನ ಭಾರ ಹೊತ್ತಿರುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ, ಎಲ್ಲಿ ಆಸರೆ ಕೊಡಬೇಕು ಎಂದು ಬರೆದುಕೊಡುವವರೆಗೆ ಬ್ಲೇಡ್ ಮುಟ್ಟಿಸಲೇಬೇಡಿ. ವೈರು, ಪೈಪು ಎಲ್ಲಿವೆ ಅಂತಲೂ ಸ್ಕ್ಯಾನ್ ಮಾಡಿಸಿ.

ಕಟಿಂಗ್‌ನವರನ್ನು ಒಂದು ಮಾತು ಕೇಳಿ: ಮೂಲೆ ಹೇಗೆ ಕೊಯ್ತೀರಿ? ಬ್ಲೇಡ್ ದುಂಡಗಿರುತ್ತದೆ. ಮೂಲೆಯಲ್ಲಿ ಪೂರ್ತಿ ಆಳ ಮುಟ್ಟಬೇಕಾದರೆ ಗುರುತಿನ ಗೆರೆ ದಾಟಲೇಬೇಕು. ಆ ಜಾಸ್ತಿ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುವುದುಂಟು. ‘ಮೊದಲು ಮೂಲೆಗಳಿಗೆ ಕೋರ್ ಕಟಿಂಗ್ ತೂತು ಹಾಕ್ತೇವೆ’ ಅನ್ನುವವರಿಗೇ ಕೆಲಸ ಕೊಡಿ; ದುಂಡಗೆ ಕೊರೆದ ಆ ತೂತಿನಲ್ಲೇ ಬ್ಲೇಡ್ ನಿಲ್ಲುತ್ತದೆ, ಗೆರೆ ದಾಟಬೇಕಿಲ್ಲ.

ನೀರು ಬಿಡುತ್ತಲೇ ಕೊಯ್ಯಲಿ. ಒಣ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಅದನ್ನು ವಾಸಿ ಮಾಡುವ ಮದ್ದಿಲ್ಲ. ಕೆಲಸದವರು ಮಾಸ್ಕ್ ಹಾಕದಿದ್ದರೆ ನೀವೇ ಕೆಲಸ ನಿಲ್ಲಿಸಿ.