ಬರಹಗಾರರಿಗೆ ಸಲಹೆ: ಕಿಡ್ನಿ ಲೇಖನವನ್ನು ಇನ್ನೊಮ್ಮೆ ಬರೆಯಿರಿ

ಮಾಸ್ತರರೇ, ಶರಣು.

‘ಮೂತ್ರಪಿಂಡದ ರಚನೆ ಮತ್ತು ಕಾರ್ಯ’ ಲೇಖನ ಕಲಬುರಗಿಯ ನಮ್ಮ ಕಚೇರಿಗೆ ತಲುಪಿತು. ನಿಧಾನವಾಗಿ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸಿಲ್ಲ. ನಿಮ್ಮ ಬರವಣಿಗೆ ತಿಳಿಯಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕೇ ಬೇಕು. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿ ಅಳೆಯುವ ಒಂದು ಕಸ) ರಿಪೋರ್ಟ್ ಕೈಯಲ್ಲಿದ್ದರೂ ಅದರ ಅರ್ಥ ಗೊತ್ತಿಲ್ಲದವರು ಅವರಲ್ಲಿ ಬಹಳ ಜನ ಇದ್ದಾರೆ.

ಮೊದಲ ಎರಡು ಪುಟದಲ್ಲಿ ಕಿಡ್ನಿಯ ಒಳಭಾಗಗಳ ಬರೀ ಹೆಸರುಗಳಿವೆ. ನೆಫ್ರಾನ್, ಗ್ಲೊಮೆರುಲಸ್, ಬೌಮನ್ ಕೋಶ, ಹೆನ್ಲೆ ಕುಣಿಕೆ. ಇದು ಕ್ಲಾಸಿನ ನೋಟ್ಸ್ ಆಯಿತು. ಲೇಖನದ ಜೀವಾಳವನ್ನು ಮಾತ್ರ ಕೊನೆಯ ಪುಟದ ಒಂದೇ ಸಾಲಿಗೆ ತಳ್ಳಿದ್ದೀರಿ: ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರ್ ಅಷ್ಟೇ. ನಮ್ಮ ಮೈಯಲ್ಲಿರುವ ರಕ್ತವೇ 5 ಲೀಟರ್ ಆಸುಪಾಸು, ಅಲ್ವಾ? ಹಾಗಾದರೆ 180 ಲೀಟರ್ ಬಂದಿದ್ದು ಎಲ್ಲಿಂದ, ಉಳಿದಿದ್ದು ಹೋಗಿದ್ದು ಎಲ್ಲಿಗೆ? ಈ ಪ್ರಶ್ನೆಯಿಂದಲೇ ಶುರು ಮಾಡಿ.

ಕಿಡ್ನಿಯನ್ನು ಜರಡಿ ಅಂದಿದ್ದೀರಿ. ಅದು ಅರ್ಧ ಸತ್ಯ. ಜರಡಿ ಹಿಡಿದರೆ ಕಾಳು ಒಂದು ಕಡೆ, ಕಸ ಒಂದು ಕಡೆ, ಕೆಲಸ ಮುಗಿಯಿತು. ಕಿಡ್ನಿಯಲ್ಲಿ ಸೋಸಿದ ಮೇಲೆಯೇ ನಿಜವಾದ ಕೆಲಸ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸುವ ಸಣ್ಣ ಘಟಕಗಳು, ಇರುತ್ತವೆ. ಅದರಲ್ಲಿ ಒಂದನ್ನೇ ಹಿಡಿದು ಓದುಗರನ್ನು ಒಳಗೆ ಕರೆದುಕೊಂಡು ಹೋಗಿ. ಶುರುವಿನಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಗಂಟು, ಅದೇ ಗ್ಲೊಮೆರುಲಸ್. ರಕ್ತಕಣಗಳು, ದೊಡ್ಡ ಪ್ರೋಟೀನುಗಳು ರಕ್ತದಲ್ಲೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಅನ್ನುವ ಕಸ, ಇಂಥ ಸಣ್ಣವು ಮಾತ್ರ ಸೋಸಿ ಕೊಳವೆಗೆ ಇಳಿಯುತ್ತವೆ. ಬೇಕಾದ್ದು, ಬೇಡದ್ದು ಎರಡೂ! ಮುಂದೆ ಕೊಳವೆಯ ಗೋಡೆ ಒಂದೊಂದನ್ನೇ ವಾಪಸ್ ಎತ್ತಿಕೊಳ್ಳುತ್ತದೆ. ಮೊದಲ ತಿರುವುಗಳಲ್ಲೇ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ, ನೀರು ಉಪ್ಪು ಮೂರರಲ್ಲಿ ಎರಡು ಪಾಲು ರಕ್ತಕ್ಕೆ ಮರಳುತ್ತವೆ. ಮರಳಿದ್ದೇ ಮತ್ತೆ ಮತ್ತೆ ಸೋಸಲು ಬರುತ್ತದೆ, 180 ಲೀಟರ್ ಆಗುವುದು ಹೀಗೆ. ಅದೇ ಕೊಳವೆ ಮಡಚಿಕೊಂಡ ಭಾಗವಾದ ಹೆನ್ಲೆ ಕುಣಿಕೆ ಕಿಡ್ನಿಯ ಒಳಭಾಗದಲ್ಲಿ ಉಪ್ಪನ್ನು ಜಾಸ್ತಿ ಮಾಡಿಡುತ್ತದೆ. ಆ ಉಪ್ಪೇ ಕೊನೆಯ ನಾಳದಿಂದ ನೀರನ್ನು ಎಳೆದುಕೊಳ್ಳುತ್ತದೆ. ಹೀಗೆ ಬರೆದರೆ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಉದಾಹರಣೆಗೆ ದೂರ ಹೋಗಬೇಡಿ. ಶಹಾಬಾದ್, ಚಿತ್ತಾಪುರದ ಕಡೆ ಫರ್ಸಿ ಕಲ್ಲಿನ ಗಣಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೆಲಸ ಮಾಡುವವರನ್ನು ನೋಡಿ. ಬಿಸಿಲು 42 ಡಿಗ್ರಿ, ಮೈಯೆಲ್ಲ ಬೆವರು, ಕುಡಿದಿದ್ದು ಕಡಿಮೆ. ರಕ್ತ ಸ್ವಲ್ಪ ಗಟ್ಟಿಯಾದ ಕೂಡಲೇ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನ್ ಹೊರಡುತ್ತದೆ. ಆಗ ಕೊನೆಯ ನಾಳ ನೀರನ್ನು ರಕ್ತಕ್ಕೆ ಇನ್ನೂ ಜಾಸ್ತಿ ವಾಪಸ್ ಬಿಡುತ್ತದೆ. ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ. ಅದನ್ನು ನೋಡಿ ಕಿಡ್ನಿ ಕೆಟ್ಟಿತು ಅಂತ ಹೆದರುವವರಿಗೆ, ಅದು ಇದ್ದ ನೀರನ್ನು ಉಳಿಸಿಕೊಡುತ್ತಿದೆ ಅಂತ ನೀವು ಹೇಳಬೇಕು. ಇದೇ ನಡೆಯುತ್ತಾ ಹೋದರೆ ಹರಳು ಕಟ್ಟುವ ಸಂಭವ ಹೆಚ್ಚು ಅಂತಲೂ ಹೇಳಬೇಕು.

ತಪ್ಪುಗಳಿಗೆ ಬರುತ್ತೇನೆ. ಕಿಡ್ನಿ ಸೊಂಟದಲ್ಲಿಲ್ಲ. ಬೆನ್ನಿನ ಕಡೆ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿದೆ. ಮೇಲೆ ಯಕೃತ್ತು ಇರುವುದರಿಂದ ಬಲಗಡೆಯದು ಸ್ವಲ್ಪ ಕೆಳಗೆ. ‘ಮೂತ್ರದಲ್ಲಿ ಸಕ್ಕರೆ ಬಂದರೆ ಕಿಡ್ನಿ ಕೆಟ್ಟಿದೆ’ ಅನ್ನುವ ಸಾಲನ್ನು ಹೊಡೆದುಹಾಕಿ. ರಕ್ತದಲ್ಲಿ ಸಕ್ಕರೆ 100 ಮಿ.ಲೀ.ಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕೊಳವೆಗೆ ಎತ್ತಿಕೊಳ್ಳಲು ಆಗದೆ ಚೆಲ್ಲಿಹೋಗುತ್ತದೆ, ಸಾಮಾನ್ಯವಾಗಿ ಆಗುವುದು ಇಷ್ಟೇ. ‘ಬೆನ್ನು ನೋವು ಬಂದರೆ ಕಿಡ್ನಿ ಪರೀಕ್ಷಿಸಿ’ ಅಂದಿದ್ದೀರಿ. ಇದು ನನಗೆ ಎಲ್ಲಕ್ಕಿಂತ ಚಿಂತೆ ತಂದ ಸಾಲು. ಸಕ್ಕರೆ ಕಾಯಿಲೆ, ಬಿಪಿಯಿಂದ ಕಿಡ್ನಿ ಹಾಳಾಗುವಾಗ ನೋವೇ ಇರುವುದಿಲ್ಲ. ಅರ್ಧದಷ್ಟು ಕೆಲಸ ನಿಂತರೂ ಕ್ರಿಯಾಟಿನಿನ್ ಸರಿಯಾಗೇ ಕಾಣಬಹುದು. ನೋವಿಲ್ಲ ಅಂತ ಶುಗರ್ ಇರುವವರು ನಿಮ್ಮ ಲೇಖನ ಓದಿ ಸುಮ್ಮನೆ ಕೂತುಬಿಟ್ಟರೆ? ಅವರು ರಕ್ತದ ಜೊತೆ ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು ಅಂತ ದಪ್ಪಕ್ಷರದಲ್ಲಿ ಹಾಕೋಣ.

ಎಲ್ಲರೂ ಗಂಟೆಗೊಂದು ಗ್ಲಾಸ್ ನೀರು ಕುಡಿಯಬೇಕು ಅನ್ನುವುದನ್ನೂ ತೆಗೆಯಿರಿ. ಡಯಾಲಿಸಿಸ್‌ನಲ್ಲಿ ಇರುವವರಿಗೆ, ಕೆಲವು ಹೃದಯದ ರೋಗಿಗಳಿಗೆ ಡಾಕ್ಟರೇ ನೀರು ಅಳೆದು ಕೊಟ್ಟಿರುತ್ತಾರೆ. ಕೆಂಪು ರಕ್ತಕಣ ಹುಟ್ಟಿಸಲು ಮೂಳೆಯ ಮಜ್ಜೆಗೆ ಸೂಚನೆ ಕಳಿಸುವುದೂ ಕಿಡ್ನಿಯೇ. ಅದು ನಿಮ್ಮಲ್ಲಿ ಬಂದೇ ಇಲ್ಲ, ಒಂದು ಪ್ಯಾರಾ ಸೇರಿಸಿ. ಆ ಸೂಚನೆ ಕುಗ್ಗಿದರೆ ರಕ್ತಕಣವೂ ಕಡಿಮೆ; ಕಿಡ್ನಿ ಕಾಯಿಲೆಯವರಿಗೆ ಯಾಕಿಷ್ಟು ಸುಸ್ತು ಅನ್ನುವುದಕ್ಕೆ ಒಂದು ಉತ್ತರ ಅಲ್ಲಿದೆ.

ಪಠ್ಯಪುಸ್ತಕದಿಂದ ಫೋಟೋ ತೆಗೆದ ಚಿತ್ರ ಬೇಡ. ನೀವು ಬೋರ್ಡಿನ ಮೇಲೆ ಮಕ್ಕಳಿಗೆ ಬರೆಯುವ ನೆಫ್ರಾನ್ ಚಿತ್ರವನ್ನೇ ಬಿಳಿ ಹಾಳೆಯಲ್ಲಿ ಬರೆದು ಕಳಿಸಿ. ಹೊಸ ಪ್ರತಿಯನ್ನು ಪರಿಚಯದ ಡಾಕ್ಟರೊಬ್ಬರಿಗೆ ತೋರಿಸಿಯೇ ಕಳಿಸಿ. ಮೂರು ಪುಟ ಸಾಕು. ಬಂದ ಕೂಡಲೇ ಓದುತ್ತೇನೆ.