ಮೂರು ಸಲ ಜಾರಿದ ಮಂಡಿಚಿಪ್ಪು: ಮೂಡಿಗೆರೆಯ ತಾಯಿಗೆ

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. 19 ವರ್ಷದ ಮಗಳ ಮಂಡಿಚಿಪ್ಪು ಮೂರು ಸಲ ಹೊರಕ್ಕೆ ಜಾರಿದೆ, ಮೊದಲು ಥ್ರೋಬಾಲ್ ಆಡುವಾಗ, ಕೊನೆಗೆ ತೋಟದ ಇಳಿಜಾರಿನಲ್ಲಿ ಸುಮ್ನೆ ಹಿಂತಿರುಗಿ ನೋಡಿದಾಗ. ಹಾಸನದ ಡಾಕ್ಟರು ಆಪರೇಷನ್ ಅಂದಿದ್ದಾರೆ, ಮನೆಯ ಹಿರಿಯರು ಎಣ್ಣೆ ತಿಕ್ಕಿ ಪಟ್ಟು ಹಾಕಿಸಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ.

ನಾನು ಡಾಕ್ಟರಲ್ಲ. ಆದರೆ ನನ್ನ ತಂಗಿಯ ಮಗಳಿಗೂ ಇದೇ ಆಗಿತ್ತು, ಹಾಗಾಗಿ ಆಗ ಕಲಿತದ್ದನ್ನು ಹೇಳುತ್ತೇನೆ. ಪಟ್ಟು ಬೇಡ. ಚಿಪ್ಪು ಜಾರಿದಾಗ ಒಳಬದಿಯಲ್ಲಿ ಅದನ್ನು ತೊಡೆಮೂಳೆಗೆ ಹಿಡಿದಿಡುವ ಲಿಗಮೆಂಟ್ ಹರಿಯುತ್ತದೆ. ಡಾಕ್ಟರುಗಳು ಅದನ್ನು ಎಂಪಿಎಫ್ಎಲ್ ಅಂತಾರೆ. ಕಾಲು ನೇರವಾಗಿ ಚಾಚಿದ್ದಾಗಿನಿಂದ ಸುಮಾರು 30 ಡಿಗ್ರಿ ಮಡಿಸುವವರೆಗೆ ಚಿಪ್ಪು ಹೊರಗೆ ಹೋಗದಂತೆ ತಡೆಯುವುದು ಮುಖ್ಯವಾಗಿ ಅದೇ. ಆಮೇಲೆ ತೊಡೆಮೂಳೆಯ ತುದಿಯಲ್ಲಿರುವ ಜಾಡು, ಅಂದರೆ ಚಿಪ್ಪು ಕೂರುವ ತಗ್ಗು, ಅದನ್ನು ಹಿಡಿದುಕೊಳ್ಳುತ್ತದೆ. ಹರಿದ ಲಿಗಮೆಂಟ್ ಉದ್ದವಾಗಿ, ಸಡಿಲವಾಗಿ ಕೂಡಿಕೊಂಡಿದ್ದರೆ ಎಣ್ಣೆಯಿಂದ ಬಿಗಿಯಾಗುವುದಿಲ್ಲ, ಅಲ್ವಾ?

ಮೊದಲ ಸಲವಾದರೆ, ಒಳಗೆ ಮೂಳೆಚೂರು ಬಿದ್ದಿಲ್ಲ ಅಂದರೆ, ಸಾಮಾನ್ಯವಾಗಿ ವ್ಯಾಯಾಮದಲ್ಲೇ ನೋಡುತ್ತಾರೆ. ಮೂರು ಸಲ ಆದಮೇಲೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಸಲ ಜಾರುವಾಗಲೂ ಚಿಪ್ಪಿನ ಹಿಂಬದಿಯ ಕಾರ್ಟಿಲೇಜ್‌ಗೆ, ಅಂದರೆ ಮೂಳೆಯ ಮೇಲಿನ ನುಣುಪು ಹೊದಿಕೆಗೆ, ಪೆಟ್ಟು ಬೀಳಬಹುದು.

ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ತೊಡೆಯ ಹಿಂಬದಿಯ ಸ್ನಾಯುರಜ್ಜು ಒಂದನ್ನು ತೆಗೆದು, ಚಿಪ್ಪಿಗೂ ತೊಡೆಮೂಳೆಗೂ ಕಟ್ಟಿ, ಹೊಸ ಲಿಗಮೆಂಟ್ ಮಾಡುತ್ತಾರೆ. ಅದೊಂದೇ ಸಾಕಾ? ನೀವು ಕೇಳಬೇಕಾದದ್ದು ಇದು. ಕೆಲವರಿಗೆ ಜಾಡೇ ಆಳವಿರುವುದಿಲ್ಲ, ಕೆಲವರಿಗೆ ಚಿಪ್ಪು ತೀರ ಮೇಲಿರುತ್ತದೆ, ಇನ್ನು ಕೆಲವರಿಗೆ ಮಂಡಿಯ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬು ಜಾಡಿನಿಂದ ಹೊರಕ್ಕಿರುತ್ತದೆ. ಆ ದೂರವನ್ನು ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐನಲ್ಲಿ ಅಳೆಯುತ್ತಾರೆ, ಅದರ ಹೆಸರು ಟಿಟಿ-ಟಿಜಿ. 20 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಉಬ್ಬನ್ನೇ ಕತ್ತರಿಸಿ ಒಳಕ್ಕೆ ಸರಿಸಿ ಸ್ಕ್ರೂ ಹಾಕುವುದನ್ನೂ ಯೋಚಿಸುತ್ತಾರೆ. ಬೆಳೆಯುವ ಮಕ್ಕಳಿಗೆ ಅದನ್ನು ಮಾಡುವುದಿಲ್ಲ, ನಿಮ್ಮ ಮಗಳಿಗೆ ಆ ಅಡ್ಡಿ ಇರಲಾರದು.

ನಮ್ಮ ಹುಡುಗಿಗೆ ಮೊದಲು ಒಂದು ಕಡೆ ಈ ಅಳತೆ ಯಾವುದನ್ನೂ ನೋಡದೆ ಚಿಪ್ಪಿನ ಹೊರಬದಿಯ ಬಿಗಿಯನ್ನಷ್ಟೇ ಕೊಯ್ದು ಸಡಿಲ ಮಾಡಿ ಕಳಿಸಿದ್ದರು. ಎಂಟು ತಿಂಗಳಿಗೆ ಬಸ್ ಹತ್ತುವಾಗ ಮತ್ತೆ ಜಾರಿತು. ಅದೊಂದನ್ನೇ ಮಾಡಿದರೆ ಈ ತೊಂದರೆ ನಿಲ್ಲುವುದಿಲ್ಲ ಅಂತ ನಮಗೆ ತಿಳಿದದ್ದು ಎರಡನೇ ಡಾಕ್ಟರಿಂದ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ಆಪರೇಷನ್ ಆದಮೇಲೆ ಅವಳು ದಿನಾ ಜಗಲಿಯಲ್ಲಿ ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿಟ್ಟ ಟವೆಲ್ಲನ್ನು ಅದುಮುತ್ತಿದ್ದಳು. ಮೊದಲ ವಾರ ತೊಡೆ ಮಿಸುಕಲೇ ಇಲ್ಲ, ಅತ್ತುಬಿಟ್ಟಳು. ಒಂದು ದಿನ ಚಿಪ್ಪಿನ ಮೇಲಿನ ಮಾಂಸ ಸಣ್ಣಗೆ ನಡುಗಿ ಬಿಗಿಯಾಯಿತು, ಮುಟ್ಟಿ ನೋಡು ಮಾಮ ಅಂದಳು. ಆಟಕ್ಕೆ ಇಳಿಯಲು ಆರು ತಿಂಗಳಾದರೂ ಬೇಕು. ಅಷ್ಟು ದಿನ ಫಿಸಿಯೋಥೆರಪಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಆಪರೇಷನ್ನಿಗೆ ಮುಂಚೆಯೇ ಮನೆಯಲ್ಲಿ ಮಾತಾಡಿಕೊಳ್ಳಿ.

ಮುಂದಿನ ಸಲ ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. ನನ್ನ ಜಾಡು ಎಷ್ಟು ಆಳ ಇದೆ, ಟಿಟಿ-ಟಿಜಿ ಎಷ್ಟಿದೆ ಅಂತ ಮಗಳೇ ಕೇಳಲಿ. ಉತ್ತರ ಸಿಕ್ಕ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ.